ಮುಂದೊಗಲಿನ ಶಸ್ತ್ರಚಿಕಿತ್ಸೆ: ಕೂಸಿಗೆ ಅವಸರ, ಮಧುಮೇಹಿಗೆ ತಡ

ಕೊಡಗಿನಲ್ಲಿ ಸುನ್ನತಿಯ ಮಾತೆತ್ತಿದರೆ ಅದು ಆಸ್ಪತ್ರೆಯ ಮಾತಾಗಿ ಉಳಿಯುವುದು ಕಷ್ಟ. ನಾಪೋಕ್ಲು, ಸಿದ್ದಾಪುರ, ವಿರಾಜಪೇಟೆ ಕಡೆಯ ಮುಸ್ಲಿಂ ಮನೆಗಳಲ್ಲಿ ಅದು ಹುಡುಗನ ಬಾಳಿನಲ್ಲಿ ಬಂದೇ ಬರುವ ಒಂದು ದಿನ. ಮಲಯಾಳ ಮಾತಾಡುವ ಮನೆಗಳಲ್ಲಿ ಅದಕ್ಕೆ 'ಸುನ್ನತ್ ಕಲ್ಯಾಣ' ಎಂಬ ಹೆಸರೂ ಸಡಗರವೂ ಇವೆ. ಉಳಿದವರಿಗೆ ಅದು ಬೇರೆಯವರ ಆಚಾರ, ಜೊತೆಗೆ ಟಿಪ್ಪು ಕಾಲದ ಬಲವಂತದ ನೆನಪೂ ಆ ಪದಕ್ಕೆ ಅಂಟಿಕೊಂಡಿದೆ. ಹೀಗಾಗಿ ಸುನ್ನತಿಯಲ್ಲಿ ತೆಗೆಯುವ ಮುಂದೊಗಲಿಗೂ, ಅಂದರೆ ಶಿಶ್ನದ ತುದಿ ಮುಚ್ಚುವ ಚರ್ಮಕ್ಕೂ, ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆಯ ಕ್ರಮವಿದೆ ಎಂಬ ಸಾದಾ ವಿಷಯ ಯಾರ ಬಾಯಲ್ಲೂ ಬರುವುದಿಲ್ಲ.

ಇದರ ಪರಿಣಾಮ ತಲೆಕೆಳಗಾಗಿದೆ. 'ಚರ್ಮ ಹಿಂದೆ ಸರಿಯುತ್ತಿಲ್ಲ' ಎಂಬ ಒಂದೇ ಕಾರಣಕ್ಕೆ ಎರಡು ವರ್ಷದ ಮಗುವಿನ ಚೀಟಿಯಲ್ಲಿ ಫೈಮೋಸಿಸ್ (ಮುಂದೊಗಲಿನ ಬಿಗಿತ) ಎಂದು ಬರೆದು ಆಪರೇಷನ್‌ಗೆ ದಿನ ಕೊಡುವುದುಂಟು. ಆ ಮಗುವಿಗೆ ಬಹುಪಾಲು ಏನೂ ಬೇಕಿಲ್ಲ. ಇನ್ನೊಂದು ಕಡೆ, ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವ ಐವತ್ತೈದರ ವ್ಯಕ್ತಿ ತಿಂಗಳಿಗೊಮ್ಮೆ ಬಿರಿಯುವ ಚರ್ಮಕ್ಕೆ ಮೆಡಿಕಲ್ ಶಾಪಿನ ಮುಲಾಮು ಹಚ್ಚಿಕೊಂಡು ವರ್ಷ ತಳ್ಳುತ್ತಾರೆ. ಅವರಿಗೆ ಬೇಕಾಗಿರುವ ಚಿಕಿತ್ಸೆಯ ಹೆಸರು ಕೇಳಿದರೆ 'ನಮ್ಮಲ್ಲಿ ಅದೆಲ್ಲ ಇಲ್ಲ' ಎನ್ನುತ್ತಾರೆ.

ಅಂಟಿಕೊಂಡಿರುವುದು ರೋಗವಲ್ಲ

ಗಂಡು ಕೂಸು ಹುಟ್ಟುವಾಗ ಮುಂದೊಗಲಿನ ಒಳಪದರ ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ. 1949ರಲ್ಲಿ ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ ಚರ್ಮ ಪೂರ್ತಿ ಹಿಂದೆ ಸರಿಯುತ್ತಿದ್ದುದು ಶೇ. 4ರಷ್ಟು ಕೂಸುಗಳಲ್ಲಿ ಮಾತ್ರ. 1968ರಲ್ಲಿ ಡೆನ್ಮಾರ್ಕಿನ ಶಾಲಾ ಬಾಲಕರ ಮೇಲೆ ಯಾಕೋಬ್ ಓಸ್ಟರ್ ಪ್ರಕಟಿಸಿದ ಅಧ್ಯಯನದಲ್ಲಿ 6–7 ವರ್ಷದವರಲ್ಲಿ ಶೇ. 8ರಷ್ಟು ಮಂದಿಗೆ ಫೈಮೋಸಿಸ್ ಇತ್ತು. 16–17ಕ್ಕೆ ಬರುವಾಗ ಅದು ಶೇ. 1ಕ್ಕೆ ಇಳಿದಿತ್ತು. ಕಾಯುವುದೂ ಚಿಕಿತ್ಸೆಯೇ ಎಂಬ ಮಾತಿಗೆ ಆಧಾರ ಇದು. ಮೂತ್ರ ಮಾಡುವಾಗ ತುದಿ ಬಲೂನಿನಂತೆ ಉಬ್ಬಿ ಇಳಿಯುವುದು, ಚರ್ಮದಡಿ ಬಿಳಿ ಮುತ್ತಿನಂಥ ಗಂಟು ಕಾಣುವುದು, ಇವೆರಡೂ ಅಂಟಿದ ಪದರಗಳು ತಾವಾಗಿ ಬಿಡಿಸಿಕೊಳ್ಳುತ್ತಿವೆ ಎಂಬುದರ ಲಕ್ಷಣಗಳು. ಆ ಬಿಳಿ ಗಂಟು ಕೀವಲ್ಲ, ಉದುರಿದ ಚರ್ಮಕೋಶಗಳ ಮುದ್ದೆ.

ನಮ್ಮಲ್ಲಿ ತೊಂದರೆ ಶುರುವಾಗುವುದು ಬಚ್ಚಲಿನಲ್ಲಿ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಮುಂದೊಗಲನ್ನು ಬಲವಾಗಿ ಹಿಂದೆಳೆಯುವ ರೂಢಿ ಹಲವು ಮನೆಗಳಲ್ಲಿದೆ. 'ಈಗ ಬಿಡಿಸದಿದ್ದರೆ ಮುಂದೆ ಕಷ್ಟ' ಎಂಬುದು ಹಿರಿಯರ ನಂಬಿಕೆ. ಅಂಟಿದ ಪದರವನ್ನು ಎಳೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಾಗುತ್ತವೆ, ಅವು ಮಾಯುವಾಗ ಗಾಯದ ಕಲೆ ಕಟ್ಟುತ್ತದೆ, ಕಲೆಗೆ ಹಿಗ್ಗುವ ಗುಣವಿಲ್ಲ. ಇಲ್ಲದ ರೋಗ ಹೀಗೆ ಹುಟ್ಟುತ್ತದೆ. ಹೊರಗಿನಿಂದ ನೀರು ಹಾಕಿ ತೊಳೆದರೆ ಸಾಕು. ಚರ್ಮ ಸರಿಸುವುದಾದರೆ ಎಷ್ಟು ಸಲೀಸಾಗಿ ಸರಿಯುತ್ತದೋ ಅಷ್ಟೇ, ಅದೂ ಹುಡುಗ ತಾನೇ ತೊಳೆದುಕೊಳ್ಳುವ ವಯಸ್ಸಿನಲ್ಲಿ.

ಹಾಗಾದರೆ ನಿಜವಾದ ಫೈಮೋಸಿಸ್ ಯಾವುದು? ಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದಾಗ ಬಾಯಿ ಹೂವಿನಂತೆ ಅರಳಿ ಒಳಗಿನ ಕೆಂಪು ಪದರ ಕಂಡರೆ ಅದು ಸಹಜ. ಅರಳದೆ, ಬಾಯಿಯ ಸುತ್ತ ಬೆಳ್ಳಗೆ ಗಟ್ಟಿಯಾದ ಉಂಗುರವೇ ಕಂಡರೆ ಅದು ಕಲೆ, ರೋಗ. ಬಿಳಿ ಉಂಗುರಕ್ಕೆ ಮುಖ್ಯ ಕಾರಣ ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮರೋಗ. ಐದು ವರ್ಷದೊಳಗೆ ಇದು ಅಪರೂಪ. ಬಂದರೆ ಮಾತ್ರ ಮುಂದೊಗಲು ತೆಗೆಯುವುದೇ ಸರಿಯಾದ ದಾರಿ, ಕಾಯುವುದರಲ್ಲಿ ಅರ್ಥವಿಲ್ಲ.

ಕಲೆಯಿಲ್ಲದೆ ಬಿಗಿಯಾಗಿರುವ, ತೊಂದರೆ ಕೊಡುತ್ತಿರುವ ಚರ್ಮಕ್ಕೆ ಮೊದಲು ಮುಲಾಮು. ಬೀಟಾಮೆಥಾಸೋನ್ ಎಂಬ ಸ್ಟೀರಾಯ್ಡ್ ಶೇ. 0.05 ಅಥವಾ 0.1, ಬಿಗಿ ಇರುವ ಉಂಗುರದ ಮೇಲೆ ಮಾತ್ರ ತೆಳುವಾಗಿ, ದಿನಕ್ಕೆ ಎರಡು ಸಲ, 4ರಿಂದ 8 ವಾರ. ಎರಡನೇ ವಾರದಿಂದ ನೋವಾಗದಷ್ಟು ಮೆಲ್ಲಗೆ ಹಿಂದಕ್ಕೆ ಸರಿಸಿ ಮತ್ತೆ ಮುಂದಕ್ಕೆ ತರಬೇಕು. ಹೆಚ್ಚಿನ ಮಕ್ಕಳಲ್ಲಿ ಇಷ್ಟಕ್ಕೇ ಸಡಿಲವಾಗುತ್ತದೆ. ಕೆಲಸ ಕೆಡುವುದು ಎರಡು ರೀತಿ: ಮುಲಾಮನ್ನು ತುದಿಯ ಮೇಲೆಲ್ಲ ಬಳಿದು ಉಂಗುರಕ್ಕೆ ತಾಗಿಸದಿರುವುದು, ಹತ್ತು ದಿನಕ್ಕೆ ಬಿಟ್ಟುಬಿಡುವುದು.

ಹುಟ್ಟಿದ ಕೂಸಿಗೆ ಮಾಡಿಸುವುದಾದರೆ

ಧಾರ್ಮಿಕ ಕಾರಣಕ್ಕೆ ಮಾಡಿಸುವವರಿಗೆ ಬೇಕೋ ಬೇಡವೋ ಎಂಬುದು ಪ್ರಶ್ನೆಯೇ ಅಲ್ಲ. ಅವರಿಗೆ ಕೆಲಸಕ್ಕೆ ಬರುವುದು ಯಾವಾಗ, ಎಲ್ಲಿ, ಯಾರ ಕೈಲಿ ಎಂಬ ಮಾಹಿತಿ. ವೈದ್ಯಕೀಯ ಲಾಭದ ಲೆಕ್ಕವನ್ನೂ ಹೇಳಿಬಿಡಬೇಕು. ಮುಂದೊಗಲು ತೆಗೆದ ಶಿಶುಗಳಲ್ಲಿ ಮೂತ್ರನಾಳದ ಸೋಂಕು ಗಣನೀಯವಾಗಿ ಕಡಿಮೆ, ಅದು ನಿಜ. ಆದರೆ ಸೋಂಕೇ ನೂರಕ್ಕೆ ಒಂದರ ಆಸುಪಾಸು. 2005ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕದ ಪ್ರಕಾರ, ಆರೋಗ್ಯವಂತ ಮಕ್ಕಳಲ್ಲಿ ಒಂದು ಸೋಂಕು ತಪ್ಪಿಸಲು 111 ಮಕ್ಕಳಿಗೆ ಈ ಶಸ್ತ್ರಚಿಕಿತ್ಸೆ ಮಾಡಬೇಕು. ಪದೇ ಪದೇ ಸೋಂಕು ಬರುವವರಲ್ಲಿ 11 ಸಾಕು; ಮೂತ್ರ ಕಿಡ್ನಿಗೆ ಹಿಮ್ಮುಖವಾಗಿ ಹರಿಯುವ ತೀವ್ರ ದೋಷ ಇರುವವರಲ್ಲಿ 4. ಹಾಗಾಗಿ ಎರಡು ಮೂರು ಸಲ ಜ್ವರ ಬಂದು ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿದ ಗಂಡು ಮಗುವಿಗೆ, ಯಾವ ಜಾತಿ ಮತದವನೇ ಆಗಲಿ, ಸ್ಕ್ಯಾನ್ ಮಾಡಿಸಿ ಈ ಆಯ್ಕೆಯನ್ನು ವೈದ್ಯರೊಡನೆ ಮಾತಾಡಲೇಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಲಾಭ ಅಪಾಯಕ್ಕಿಂತ ಹೆಚ್ಚು ಎಂದಿತು, ಆದರೆ ಎಲ್ಲ ಶಿಶುಗಳಿಗೂ ಮಾಡಿ ಎಂದು ಹೇಳುವಷ್ಟಿಲ್ಲ ಎಂದೂ ಸೇರಿಸಿತು. ಆ ಎರಡನೇ ವಾಕ್ಯ ಜಾಹೀರಾತುಗಳಲ್ಲಿ ಕಾಣುವುದಿಲ್ಲ.

ವಯಸ್ಸಿನ ವಿಚಾರದಲ್ಲಿ ಮಾತ್ರ ಗೊಂದಲವಿಲ್ಲ. ಮಾಡಿಸುವುದೇ ಆದರೆ ಮೊದಲ ಎರಡು ತಿಂಗಳೊಳಗೆ ಮಾಡಿಸುವುದು ಸುಲಭ: ಕೂಸು ಹೊರಳುವುದಿಲ್ಲ, ಸ್ಥಳೀಯ ಅರಿವಳಿಕೆ ಸಾಕು, ಹೊಲಿಗೆ ಬೇಕಾಗದು. 2010ರ ಒಂದು ವಿಸ್ತೃತ ಪರಾಮರ್ಶೆಯಲ್ಲಿ ಶಿಶುಗಳಲ್ಲಿ ತೊಂದರೆಗಳ ಪ್ರಮಾಣ ಶೇ. 1.5ರ ಆಸುಪಾಸು, ಅದಕ್ಕಿಂತ ದೊಡ್ಡ ಮಕ್ಕಳಲ್ಲಿ ಶೇ. 6. ಆದರೂ ಬಹಳ ಕಡೆ ಬೇಸಿಗೆ ರಜೆಗೆ ಕಾದು, ಐದಾರು ವರ್ಷದ ಅಣ್ಣತಮ್ಮಂದಿರನ್ನೆಲ್ಲ ಒಟ್ಟಿಗೆ ಕೂರಿಸುತ್ತಾರೆ. ಆ ವಯಸ್ಸಿಗೆ ಪೂರ್ಣ ಅರಿವಳಿಕೆ ಬೇಕು, ಅಂದರೆ ಅರಿವಳಿಕೆ ತಜ್ಞರು, ಆಮ್ಲಜನಕ, ಮಾನಿಟರ್ ಇರುವ ಥಿಯೇಟರ್ ಬೇಕು. ಉಪವಾಸದ ನಿಯಮವನ್ನೂ ಪಾಲಿಸಬೇಕು: ಊಟ ಅಥವಾ ಹಸುವಿನ ಹಾಲು ಕೊಟ್ಟು 6 ಗಂಟೆ, ಎದೆಹಾಲು ಕೊಟ್ಟು 4 ಗಂಟೆ ಆಗಿರಬೇಕು. 'ಪಾಪ, ಅಳುತ್ತಾನೆ' ಎಂದು ಅಜ್ಜಿ ಕದ್ದು ಕೊಟ್ಟ ಒಂದು ಬಿಸ್ಕತ್ತು ಅರಿವಳಿಕೆಯಲ್ಲಿ ಶ್ವಾಸಕೋಶಕ್ಕೆ ಹೋಗಬಹುದು.

ಮೊದಲು ಪರೀಕ್ಷೆ. ಮೂತ್ರದ್ವಾರ ತುದಿಯಲ್ಲೇ ಇದೆಯೇ? ಅದು ಕೆಳಭಾಗದಲ್ಲಿದ್ದರೆ, ಮುಂದೊಗಲು ಮೇಲ್ಗಡೆ ಮಾತ್ರ ಟೋಪಿಯಂತೆ ಇದ್ದರೆ, ಅದು ಹೈಪೋಸ್ಪೇಡಿಯಸ್. ಕೆಲವು ನೂರು ಗಂಡು ಮಕ್ಕಳಲ್ಲಿ ಒಬ್ಬರಿಗೆ ಇರುವಷ್ಟು ಸಾಮಾನ್ಯ ದೋಷವಿದು. ಇಂಥ ಮಗುವಿಗೆ ಸುನ್ನತಿ ಮಾಡಲೇಬಾರದು, ಏಕೆಂದರೆ 6ರಿಂದ 18 ತಿಂಗಳ ನಡುವೆ ಮೂತ್ರನಾಳ ಸರಿಪಡಿಸುವಾಗ ಅದೇ ಚರ್ಮ ಬೇಕಾಗುತ್ತದೆ. ಹಳಬರು 'ಹುಟ್ಟುತ್ತಲೇ ದೇವರು ಮಾಡಿ ಕಳಿಸಿದ' ಎಂದು ಸಂತೋಷಪಡುವ ಮಕ್ಕಳಲ್ಲಿ ಹಲವರಿಗೆ ಇದೇ ದೋಷ ಇರುತ್ತದೆ. ತೋರಿಸಿ ನೋಡುವುದು ಒಳ್ಳೆಯದು. ಶಿಶ್ನ ಬಾಗಿದ್ದರೆ, ಕೊಬ್ಬಿನಲ್ಲಿ ಹುದುಗಿದ್ದರೆ, ವೃಷಣ ಚೀಲದ ಚರ್ಮ ಶಿಶ್ನಕ್ಕೆ ಪೊರೆಯಂತೆ ಅಂಟಿದ್ದರೆ, ಕೂಸು ಅವಧಿಗೆ ಮುನ್ನ ಹುಟ್ಟಿದ್ದರೆ, ಕಾಮಾಲೆ ಇಳಿಯದಿದ್ದರೆ ಆಗಲೂ ನಿಲ್ಲಿಸಬೇಕು. ಹುದುಗಿದ ಶಿಶ್ನದಲ್ಲಿ ಚರ್ಮ ತೆಗೆದರೆ ಗಾಯದ ಕಲೆ ಬಾಗಿಲು ಮುಚ್ಚಿದಂತೆ ಮುಂದೆ ಬಿಗಿದು ಶಿಶ್ನ ಒಳಗೇ ಸಿಕ್ಕಿಕೊಳ್ಳುತ್ತದೆ.

ಆಮೇಲೆ ರಕ್ತ. ಹುಟ್ಟಿದ ದಿನ ವಿಟಮಿನ್ ಕೆ 1 ಮಿಲಿಗ್ರಾಂ ಚುಚ್ಚುಮದ್ದು ಬಿದ್ದಿದೆಯೇ? ಆಸ್ಪತ್ರೆಯ ಹೆರಿಗೆಯಲ್ಲಿ ಸಾಮಾನ್ಯವಾಗಿ ಬಿದ್ದಿರುತ್ತದೆ. ತೋಟದ ಲೈನ್‌ಮನೆಯಲ್ಲೋ ದಾರಿಯಲ್ಲೋ ಹುಟ್ಟಿದ ಕೂಸಿಗೆ ಬಿದ್ದಿರದೆ ಇರಬಹುದು, ತಾಯಿ ಕಾರ್ಡಿನಲ್ಲಿ ನೋಡಿ. ತಾಯಿಯ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಹಲ್ಲು ಕಿತ್ತಾಗ, ಸುನ್ನತಿಯಲ್ಲಿ ರಕ್ತ ನಿಲ್ಲದೆ ತೊಂದರೆ ಆಗಿತ್ತೇ? ರಕ್ತ ಹೆಪ್ಪುಗಟ್ಟದ ಕಾಯಿಲೆಯಾದ ಹಿಮೋಫಿಲಿಯಾ ತಾಯಿಯ ಕಡೆಯಿಂದ ಗಂಡು ಮಕ್ಕಳಿಗೆ ಬರುತ್ತದೆ. ಅಣ್ಣಂದಿರಿಬ್ಬರು ರಕ್ತಸ್ರಾವದಿಂದ ತೀರಿಕೊಂಡಿದ್ದರೆ ಮೂರನೆಯವನಿಗೆ ವಿನಾಯಿತಿ ಕೊಡಬೇಕೆಂದು ಎರಡನೇ ಶತಮಾನದಲ್ಲೇ ಯಹೂದಿ ಧರ್ಮಗುರುಗಳು ತೀರ್ಮಾನಿಸಿದ್ದರು, ರೋಗಕ್ಕೆ ಹೆಸರಿಡುವುದಕ್ಕೂ ಎಷ್ಟೋ ಶತಮಾನ ಮುಂಚೆ. ಆದರೆ ಹಿಮೋಫಿಲಿಯಾದ ಮೂರನೇ ಒಂದರಷ್ಟು ಪ್ರಕರಣಗಳಲ್ಲಿ ಕುಟುಂಬದಲ್ಲಿ ಯಾರಿಗೂ ಇರುವುದಿಲ್ಲ, ಸುನ್ನತಿಯ ರಕ್ತವೇ ಮೊದಲ ಸೂಚನೆ. ಆದ್ದರಿಂದ ರಾತ್ರಿ ಎರಡು ಗಂಟೆಗೂ ತಲುಪಬಹುದಾದ ಆಸ್ಪತ್ರೆ ಹತ್ತಿರ ಇರುವ ಕಡೆಯೇ ಮಾಡಿಸಬೇಕು.

ವಿಧಾನಗಳಲ್ಲಿ ಕೂಸುಗಳಿಗೆ ಇಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪ್ಲಾಸ್ಟಿಬೆಲ್ ಎಂಬ ಉಂಗುರ. 1.1ರಿಂದ 1.7 ಸೆಂ.ಮೀ.ವರೆಗೆ ಅಳತೆಗಳಿವೆ. ಚರ್ಮ ಮತ್ತು ತುದಿಯ ನಡುವೆ ಉಂಗುರ ಇಟ್ಟು, ಮೇಲಿನಿಂದ ದಾರ ಬಿಗಿದು, ಹೆಚ್ಚಿನ ಚರ್ಮ ಕತ್ತರಿಸುತ್ತಾರೆ. ದಾರದಡಿಯ ಅಂಚು ಒಣಗಿ 5ರಿಂದ 8 ದಿನದಲ್ಲಿ ಉಂಗುರ ತಾನಾಗಿ ಬೀಳುತ್ತದೆ. ಎಳೆಯಬಾರದು. ಅಳತೆ ದೊಡ್ಡದಾದರೆ ಉಂಗುರ ತುದಿಯ ಹಿಂದಕ್ಕೆ ಜಾರಿ ಕತ್ತು ಹಿಸುಕುತ್ತದೆ, ತುದಿ ಊದಿ ನೀಲಿಯಾಗುತ್ತದೆ. ಆಗ ಉಂಗುರವನ್ನು ಕತ್ತರಿಸಿ ತೆಗೆಯುವುದು ಗಂಟೆಗಳ ಲೆಕ್ಕದ ಕೆಲಸ. ಹತ್ತನೇ ದಿನಕ್ಕೂ ಬೀಳದಿದ್ದರೆ ವಾಪಸು ಹೋಗಬೇಕು. ಗಾಮ್ಕೋ ಎಂಬ ಲೋಹದ ಕ್ಲಾಂಪ್ 1930ರ ದಶಕದಿಂದ ಇದೆ. ಅದರಲ್ಲಿ ಗಂಟೆಯಾಕಾರದ ಲೋಹ ತುದಿಯನ್ನು ಕಾಪಾಡುತ್ತದೆ. ಆ ಲೋಹ ಇರುವಾಗ ವಿದ್ಯುತ್ ಕಾಟರಿ (ರಕ್ತ ನಿಲ್ಲಿಸಲು ಸುಡುವ ಉಪಕರಣ) ತಾಗಿಸಿದರೆ ಇಡೀ ಶಿಶ್ನ ಸುಟ್ಟುಹೋಗಬಹುದು. ಮಕ್ಕಳಲ್ಲಿ, ವಿದ್ಯುತ್ ಮೈ ಮೂಲಕ ಹಾದುಹೋಗುವ ಮೊನೊಪೋಲಾರ್ ಕಾಟರಿಯೇ ಬೇಡ ಎನ್ನುವುದೂ ಇದೇ ಕಾರಣಕ್ಕೆ: ಸಣ್ಣ ಬುಡದ ಮೂಲಕ ಹರಿಯುವ ವಿದ್ಯುತ್ ಅಲ್ಲೇ ಸಾಂದ್ರವಾಗಿ ರಕ್ತನಾಳ ಬೇಯಿಸುತ್ತದೆ. ಬೇಕಾದರೆ ಬೈಪೋಲಾರ್, ಅದರಲ್ಲಿ ವಿದ್ಯುತ್ ಉಪಕರಣದ ಎರಡು ತುದಿಗಳ ನಡುವೆ ಮಾತ್ರ ಹರಿಯುತ್ತದೆ.

ನೋವಿನ ವಿಷಯಕ್ಕೆ ಬಂದರೆ, ಕೂಸಿಗೆ ನೋವು ಗೊತ್ತಾಗುವುದಿಲ್ಲ ಎಂಬುದು ಸುಳ್ಳು. ಬುಡದಲ್ಲಿ ಗಡಿಯಾರದ 10 ಮತ್ತು 2ರ ಸ್ಥಾನದಲ್ಲಿ ಶೇ. 1ರ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಮದ್ದನ್ನು 0.4 ಮಿ.ಲೀ.ನಂತೆ ಕೊಡುತ್ತಾರೆ. ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನ್ ಇಲ್ಲಿ ನಿಷಿದ್ಧ, ತುದಿಯ ರಕ್ತ ಸಂಚಾರವೇ ನಿಲ್ಲಬಹುದು. ಹಳ್ಳಿಗಳಲ್ಲಿ ಈ ಕೆಲಸ ಮಾಡುತ್ತಿದ್ದ ಒಸ್ಸಾನ್‌ಗಳ ಕೈ ಚಳಕದ ಬಗ್ಗೆ ಹಿರಿಯರು ಈಗಲೂ ಹೊಗಳುತ್ತಾರೆ. ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅವರ ಪೆಟ್ಟಿಗೆಯಲ್ಲಿ ಅರಿವಳಿಕೆ ಇರಲಿಲ್ಲ, ಒಂದೇ ಕತ್ತಿ ಹಲವು ಮಕ್ಕಳಿಗೆ ಹೋಗುತ್ತಿತ್ತು. ರಜೆಯ ಸಾಮೂಹಿಕ ಶಿಬಿರಗಳಲ್ಲಿ ವೈದ್ಯರೇ ಇದ್ದರೂ ಕೇಳಬೇಕಾದ ಪ್ರಶ್ನೆ ಅದೇ: ಮಗುವಿಗೊಂದು ಪ್ರತ್ಯೇಕ ಉಪಕರಣದ ಸೆಟ್ ಇದೆಯೇ, ಅದು 121 ಡಿಗ್ರಿಯ ಆಟೋಕ್ಲೇವ್‌ (ಒತ್ತಡದ ಹಬೆಯ ಯಂತ್ರ) ಒಳಗೆ ಬಟ್ಟೆ ಸುತ್ತಿ ಅರ್ಧ ಗಂಟೆ ಕೂತು ಬಂದಿದೆಯೇ? ಕುದಿಯುವ ನೀರಿನಲ್ಲಿ ಅದ್ದಿ ತೆಗೆದರೆ ಕ್ರಿಮಿಶುದ್ಧಿ ಆಗುವುದಿಲ್ಲ. ನಾಳೆ ರಕ್ತ ಬಂದರೆ ಯಾರ ಬಳಿ ಹೋಗಬೇಕು ಎಂಬುದಕ್ಕೂ ಅಲ್ಲೇ ಉತ್ತರ ಸಿಗಬೇಕು.

3 ಕಿಲೋ ಕೂಸಿನ ಮೈಯಲ್ಲಿರುವುದು ಸುಮಾರು 250 ಮಿ.ಲೀ. ರಕ್ತ. 25 ಮಿ.ಲೀ. ಹೋದರೆ ಹತ್ತರಲ್ಲೊಂದು ಪಾಲು ಹೋದಂತೆ. ಡೈಪರ್ ಅದನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತದೆ. ಐದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹಸಿ ಕಲೆ ಕಂಡರೆ ಶುದ್ಧ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ನಡುವೆ ತೆಗೆದು ನೋಡಬಾರದು. ನಿಲ್ಲದಿದ್ದರೆ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ. ಎರಡನೇ ದಿನದ ಹೊತ್ತಿಗೆ ತುದಿಯ ಮೇಲೆ ಹಳದಿ ಪೊರೆ ಕಟ್ಟುತ್ತದೆ, ಅದು ಕೀವಲ್ಲ, ಒರೆಸಿ ತೆಗೆಯಬೇಡಿ. ಕಾಫಿಪುಡಿ, ಅರಿಶಿನ, ಬೂದಿ ಯಾವುದನ್ನೂ ಹಾಕಬೇಡಿ. ಪ್ರತಿ ಡೈಪರಿಗೆ ತುಸು ವ್ಯಾಸಲೀನ್ ಹಚ್ಚಿದರೆ ಗಾಯ ಬಟ್ಟೆಗೆ ಅಂಟುವುದಿಲ್ಲ. ತಿಂಗಳುಗಳ ಬಳಿಕ ಮೂತ್ರದ ಧಾರೆ ಸಣ್ಣದಾಗಿ ಮೇಲ್ಮುಖವಾಗಿ ಚಿಮ್ಮಿದರೆ ಮೂತ್ರದ್ವಾರ ಕಿರಿದಾಗಿದೆ ಎಂದರ್ಥ. ಅದಕ್ಕೆ ಸಣ್ಣ ಚಿಕಿತ್ಸೆ ಇದೆ, ಬಿಟ್ಟರೆ ಕಾಡುತ್ತದೆ.

ನಿಜವಾಗಿ ಬೇಕಾಗಿರುವವರು

ಮಧುಮೇಹ ಮತ್ತು ಮುಂದೊಗಲಿನ ನಂಟು ಹೀಗಿದೆ. ರಕ್ತದಲ್ಲಿ ಸಕ್ಕರೆ 180 ದಾಟಿದರೆ ಸಾಮಾನ್ಯವಾಗಿ ಮೂತ್ರಕ್ಕೂ ಇಳಿಯುತ್ತದೆ. ಚರ್ಮದಡಿ ಉಳಿದ ಎರಡು ಹನಿ ಸಿಹಿ ಮೂತ್ರ, ಬೆವರು, ಕತ್ತಲು: ಕ್ಯಾಂಡಿಡಾ ಶಿಲೀಂಧ್ರಕ್ಕೆ ಇನ್ನೇನು ಬೇಕು! ತುರಿಕೆ, ಕೆಂಪು, ಮೊಸರಿನಂಥ ಬಿಳಿ ಪದರ. ಚರ್ಮದ ಬಾಯಲ್ಲಿ ನೆಟ್ಟಗೆ ಬಿರುಕುಗಳು ಬೀಳುತ್ತವೆ, ಮಾಯುವಾಗ ಕಲೆ ಕಟ್ಟಿ ಬಾಯಿ ಕಿರಿದಾಗುತ್ತದೆ, ಕಿರಿದಾದಷ್ಟೂ ತೊಳೆಯುವುದು ಕಷ್ಟ, ತೊಳೆಯದಷ್ಟೂ ಸೋಂಕು. ನಲವತ್ತರ ಮೇಲೆ ಹೊಸದಾಗಿ ಚರ್ಮ ಬಿಗಿಯಾದವರಿಗೆ ಮೊದಲು ಮಾಡಬೇಕಾದ್ದು ಸಕ್ಕರೆ ಪರೀಕ್ಷೆ. ಎಷ್ಟೋ ಜನರಿಗೆ ಮಧುಮೇಹ ಇದೆ ಎಂಬುದೇ ಆಗ ಗೊತ್ತಾಗುತ್ತದೆ.

ಇದಕ್ಕೆ ಈಚೆಗೆ ಸೇರಿರುವುದು ಔಷಧ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಸಕ್ಕರೆಯನ್ನು ಬೇಕೆಂದೇ ಮೂತ್ರಕ್ಕೆ ಹರಿಸುತ್ತವೆ, ದಿನಕ್ಕೆ 60–80 ಗ್ರಾಂವರೆಗೂ. ಹೃದಯ ಮತ್ತು ಕಿಡ್ನಿಗೆ ಇವು ಬಲು ಒಳ್ಳೆಯ ಔಷಧಗಳು, ಸುಮ್ಮನೆ ಬಿಡಬಾರದು. ಮೊದಲನೆಯದರ ಪೇಟೆಂಟ್ ಭಾರತದಲ್ಲಿ 2020ರಲ್ಲಿ, ಎರಡನೆಯದರದು 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಇಳಿದಿರುವುದರಿಂದ ಸುಂಟಿಕೊಪ್ಪ, ಗೋಣಿಕೊಪ್ಪಲಿನ ಅಂಗಡಿಗಳಲ್ಲೂ ಸಲೀಸಾಗಿ ಸಿಗುತ್ತವೆ. ಜನನಾಂಗದ ಶಿಲೀಂಧ್ರ ಸೋಂಕು ಇವುಗಳ ಅತಿ ಪರಿಚಿತ ಅಡ್ಡಪರಿಣಾಮ. ಮಾತ್ರೆ ಬರೆದುಕೊಡುವ ದಿನವೇ 'ಮೂತ್ರ ಮಾಡಿದ ಮೇಲೆ ಚರ್ಮ ಸರಿಸಿ ನೀರಿನಲ್ಲಿ ತೊಳೆದು ಒರೆಸಿಕೊಳ್ಳಿ' ಎಂಬ ಒಂದು ವಾಕ್ಯ ಹೇಳಿದರೆ ಅರ್ಧ ಸಮಸ್ಯೆ ತಪ್ಪುತ್ತದೆ. ವೃಷಣದ ಸುತ್ತ ತೀವ್ರ ನೋವು, ಊತ, ಜ್ವರ ಒಟ್ಟಿಗೆ ಬಂದರೆ ಅದು ಆ ಭಾಗದ ಚರ್ಮ, ಮಾಂಸ ಬೇಗನೆ ಕೊಳೆಯುವ ಫೂರ್ನಿಯೆ ಗ್ಯಾಂಗ್ರೀನ್ ಇರಬಹುದು. ಅಪರೂಪ, ಆದರೆ ಅದೇ ದಿನ ಆಸ್ಪತ್ರೆ ಸೇರಬೇಕು. ಅಮೆರಿಕದ ಔಷಧ ನಿಯಂತ್ರಕರು 2018ರಲ್ಲಿ ಈ ಮಾತ್ರೆಗಳ ಬಗ್ಗೆ ಕೊಟ್ಟ ಎಚ್ಚರಿಕೆ ಇದೇ.

ಸೋಂಕಿಗೆ ಕ್ಲೊಟ್ರಿಮಜೋಲ್ ಶೇ. 1ರ ಮುಲಾಮು, ದಿನಕ್ಕೆ ಎರಡು ಸಲ, ಎರಡು ವಾರ. ಡೆಟಾಲ್, ಸೋಪು ಬೇಡ. ಅವು ಬಿರಿದ ಚರ್ಮವನ್ನು ಇನ್ನಷ್ಟು ಸುಡುತ್ತವೆ. ಅಂಗಡಿಯವರು ತಾವಾಗಿ ಕೊಡುವ 'ಎಲ್ಲದಕ್ಕೂ ಒಂದೇ' ಮುಲಾಮುಗಳಲ್ಲಿ ಬಲವಾದ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನಕ್ಕೆ ತುರಿಕೆ ನಿಂತು ಗುಣವಾದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಕೊಬ್ಬುತ್ತದೆ. ಮೇಲೆ ಮಕ್ಕಳ ಬಿಗಿ ಚರ್ಮಕ್ಕೆ ಹೇಳಿದ್ದೂ ಸ್ಟೀರಾಯ್ಡೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲಿ ಸೋಂಕಿಲ್ಲದ ಚರ್ಮ, ಇಲ್ಲಿ ಸೋಂಕು ತುಂಬಿದ ಚರ್ಮ; ವ್ಯತ್ಯಾಸ ಅಷ್ಟೇ, ಆದರೆ ದೊಡ್ಡದು. ಸಕ್ಕರೆ ಹಿಡಿತಕ್ಕೆ ಬಂದು ಮುಲಾಮು ಸರಿಯಾಗಿ ಹಚ್ಚಿದ ಮೇಲೂ ಮತ್ತೆ ಮತ್ತೆ ಮರುಕಳಿಸಿದರೆ, ಚರ್ಮ ಸರಿಯುವುದೇ ನಿಂತರೆ, ಮುಂದೊಗಲು ತೆಗೆಸುವುದನ್ನು ಮುಂದೂಡುವುದರಲ್ಲಿ ಏನೂ ಗಿಟ್ಟುವುದಿಲ್ಲ. ಬಿಗಿದ ಚರ್ಮದಡಿ ಗಂಟು, ಹುಣ್ಣು, ರಕ್ತ, ಕೆಟ್ಟ ವಾಸನೆಯ ಸ್ರಾವ ಇದ್ದರಂತೂ ಕ್ಯಾನ್ಸರ್ ಅಲ್ಲ ಎಂದು ಖಚಿತವಾಗುವವರೆಗೆ ಕ್ಯಾನ್ಸರ್ ಎಂದೇ ನೋಡಬೇಕು. ಶಿಶ್ನದ ಕ್ಯಾನ್ಸರಿಗೆ ಫೈಮೋಸಿಸ್ ದೊಡ್ಡ ಕಾರಣಗಳಲ್ಲೊಂದು. ನಾಚಿಕೆಯಿಂದ ತಡವಾದರೆ ಅಂಗವನ್ನೇ ತೆಗೆಯಬೇಕಾದೀತು.

ವಯಸ್ಕರ ಶಸ್ತ್ರಚಿಕಿತ್ಸೆ ದೊಡ್ಡದೇನಲ್ಲ. ಸ್ಥಳೀಯ ಅರಿವಳಿಕೆ, ಅರ್ಧದಿಂದ ಮುಕ್ಕಾಲು ಗಂಟೆ, ಅದೇ ದಿನ ಮನೆ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆ ಸಾಮಾನ್ಯ ಶಸ್ತ್ರಚಿಕಿತ್ಸಕರೇ ಮಾಡುವ ಕೆಲಸ, ಇಷ್ಟಕ್ಕೆ ಮೈಸೂರಿಗೋ ಮಂಗಳೂರಿಗೋ ಓಡಬೇಕಿಲ್ಲ. ತಯಾರಿ ಮುಖ್ಯ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8ಕ್ಕಿಂತ ಕೆಳಗೆ ತಂದುಕೊಂಡು ಹೋದರೆ ಗಾಯ ಚೆನ್ನಾಗಿ ಮಾಯುತ್ತದೆ. ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಯನ್ನು ವೈದ್ಯರಿಗೆ ಹೇಳಿ 3 ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಸಕ್ಕರೆ ಮಟ್ಟ ಸರಿ ಇದ್ದರೂ ರಕ್ತ ಆಮ್ಲೀಯವಾಗುವ ಅಪಾಯವಿದೆ. ಕ್ಲೊಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಹೃದಯ ವೈದ್ಯರ ಒಪ್ಪಿಗೆ ಇಲ್ಲದೆ ತಾವಾಗಿ ಬಿಡಬಾರದು, ಹೊಸದಾಗಿ ಸ್ಟೆಂಟ್ ಹಾಕಿಸಿದವರು ವಿಶೇಷವಾಗಿ.

ಒಳಗೆ ನಡೆಯುವುದು ಇಷ್ಟು. 60 ಕಿಲೋ ತೂಕದವರಿಗೆ ಅಡ್ರಿನಲಿನ್ ಇಲ್ಲದ ಲಿಗ್ನೊಕೇನ್ ಕಿಲೋಗೆ 3 ಮಿಲಿಗ್ರಾಂ ಲೆಕ್ಕದಲ್ಲಿ ಹೆಚ್ಚೆಂದರೆ 180 ಮಿಲಿಗ್ರಾಂ, ಅಂದರೆ ಶೇ. 1ರದ್ದು 18 ಮಿ.ಲೀ., ಶೇ. 2ರದ್ದಾದರೆ 9. ಚುಚ್ಚಿ 5 ನಿಮಿಷ ಕಾಯಬೇಕು. ಅವಸರದವರು ಕಾಯುವುದಿಲ್ಲ, ಅಲ್ಲೇ ರೋಗಿ ಕಿರುಚುವುದು. ಚರ್ಮವನ್ನು ಎಳೆಯದೆ ಸಹಜ ಸ್ಥಿತಿಯಲ್ಲಿಟ್ಟು ಗೆರೆ ಹಾಕುತ್ತಾರೆ. ಎಳೆದು ಗೆರೆ ಹಾಕಿದರೆ ಹೆಚ್ಚು ಚರ್ಮ ಹೋಗಿ ಉದ್ರೇಕವಾದಾಗ ಬಿಗಿಯುತ್ತದೆ. ಒಳಪದರವನ್ನು ತುದಿಯ ಅಂಚಿನಿಂದ ಅರ್ಧದಿಂದ ಒಂದು ಸೆಂ.ಮೀ. ಉಳಿಸುತ್ತಾರೆ. ತುದಿಯ ಕೆಳಗಡೆ ಚರ್ಮವನ್ನು ಹಿಡಿದಿಡುವ ಪಟ್ಟಿಯಾದ ಫ್ರೆನ್ಯುಲಮ್‌ನಲ್ಲಿ ಸಣ್ಣ ರಕ್ತನಾಳವಿದೆ. ರಾತ್ರಿ ಶುರುವಾಗುವ ರಕ್ತಸ್ರಾವ ಹೆಚ್ಚಾಗಿ ಅಲ್ಲಿಯದೇ, ಆದ್ದರಿಂದ ಅದಕ್ಕೆ ಪ್ರತ್ಯೇಕ ಹೊಲಿಗೆ. ಆಮೇಲೆ ಗಡಿಯಾರದ 12, 3, 9ರಲ್ಲಿ ಒಂದೊಂದು, ನಡುವೆ ಎರಡು ಮೂರು. ತಾನಾಗಿ ಕರಗುವ ದಾರ, ಎರಡು ಮೂರು ವಾರಕ್ಕೆ ಉದುರುತ್ತದೆ.

ಸ್ಟೇಪ್ಲರ್ ವಿಧಾನದಲ್ಲಿ ಕತ್ತರಿಸುವುದೂ ಪಿನ್ ಹೊಡೆಯುವುದೂ ಒಂದೇ ಒತ್ತಿಗೆ ಮುಗಿಯುತ್ತದೆ. ಸಮಯ ಉಳಿಯುತ್ತದೆ, ಖರ್ಚು ಏರುತ್ತದೆ. ಅಳತೆ ತಪ್ಪಿದರೆ ರಕ್ತ ಕಟ್ಟಿ ಊದುತ್ತದೆ, ಪಿನ್‌ಗಳು ಚರ್ಮದಲ್ಲಿ ಹುದುಗುತ್ತವೆ. ಬಿಳಿ ಉಂಗುರದ ಕಲೆ ಇರುವವರಿಗೆ ಕೈ ಹೊಲಿಗೆಯೇ ವಾಸಿ. 'ಲೇಸರ್ ಸುನ್ನತಿ' ಎಂಬ ಬೋರ್ಡ್ ಇದ್ದ ಕಡೆ ಒಳಗಿರುವುದು ಸ್ಟೇಪ್ಲರೋ ಕಾಟರಿಯೋ ಆಗಿರುವುದುಂಟು. ಸ್ಟೇಪ್ಲರ್ ಒಬ್ಬರಿಗೆ ಒಂದೇ. ಪೊಟ್ಟಣವನ್ನು ಕಣ್ಣೆದುರೇ ಒಡೆಯಲು ಹೇಳುವುದರಲ್ಲಿ ಸಂಕೋಚ ಬೇಡ.

ಕೊಡಗಿನವರಿಗೆ ನಿಜವಾದ ತೊಡಕು ಮಳೆ. ತೋಟದಲ್ಲಿ ಕೆಲಸ ಕಡಿಮೆ ಎಂದು ಜುಲೈನಲ್ಲಿ ದಿನ ಗೊತ್ತು ಮಾಡಿಕೊಳ್ಳುವ ಮನಸ್ಸಾಗುವುದು ಸಹಜ. ಆದರೆ ಬಟ್ಟೆ ಮೂರು ದಿನವಾದರೂ ಒಣಗದ, ಒಳಉಡುಪು ಸದಾ ತೇವವಾಗಿರುವ ಕಾಲದಲ್ಲಿ ತೊಡೆಸಂದಿನ ಗಾಯಕ್ಕೆ ಸೋಂಕು ಬರುವುದು ಸುಲಭ. ಘಟ್ಟದ ರಸ್ತೆಯೂ ನಂಬುವಂತಿಲ್ಲ. 2018ರ ಆಗಸ್ಟಿನಲ್ಲಿ ಸಂಪಾಜೆ ರಸ್ತೆ ಕುಸಿದಾಗ ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ನೇರ ದಾರಿಯೇ ಇರಲಿಲ್ಲ. ರೋಬಸ್ಟಾ ಕುಯ್ಲು ಮುಗಿದ ಮೇಲೆ, ಜೂನ್ ಮಳೆಗೆ ಮುನ್ನ ಮಾಡಿಸಿಕೊಳ್ಳುವುದು ಅನುಕೂಲ. ತುರ್ತು ಇದ್ದವರು ಕಾಯಬಾರದು, ಇಸ್ತ್ರಿ ಹಾಕಿ ಒಣಗಿಸಿದ ಹತ್ತಿ ಒಳಉಡುಪು ಆರೇಳು ಜೊತೆ ಇಟ್ಟುಕೊಳ್ಳಬೇಕು. ಬ್ಯಾಂಡೇಜ್ 24ರಿಂದ 48 ಗಂಟೆಗೆ ಬಿಚ್ಚಿ, ಅಂಟಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಶಿಶ್ನ ಹೊಟ್ಟೆಯ ಕಡೆ ಮೇಲ್ಮುಖವಾಗಿರಲಿ, ಊತ ಬೇಗ ಇಳಿಯುತ್ತದೆ. ರಾತ್ರಿಯ ಉದ್ರೇಕದಿಂದ ಹೊಲಿಗೆ ಎಳೆದು ನೋವಾಗುತ್ತದೆ, ಮಲಗುವ ಮುನ್ನ ಮೂತ್ರ ಮಾಡಿದರೆ ಕಡಿಮೆ. ಬೈಕ್ ಒಂದು ವಾರ ಬೇಡ. ಏಣಿ ಹತ್ತಿ ಮೆಣಸು ಕುಯ್ಯುವುದು, ಚೀಲ ಹೊರುವುದು ಎರಡು ವಾರ ಬೇಡ. ಸಂಭೋಗ, ಹಸ್ತಮೈಥುನ 6 ವಾರ ಬೇಡ. ನಂಜಾಗುತ್ತದೆಂದು ಬದನೆಕಾಯಿ, ಒಣಮೀನು, ಹಂದಿ ಮಾಂಸ ಬಿಡುವವರು ಚಹಾದ ಸಕ್ಕರೆ ಬಿಡುವುದಿಲ್ಲ. ಗಾಯ ಕೆಡಿಸುವುದು ರಕ್ತದ ಸಕ್ಕರೆ.

ಒಂದು ತುರ್ತು ಮಾತ್ರ ಎಲ್ಲರಿಗೂ ಗೊತ್ತಿರಬೇಕು. ಹಿಂದೆ ಸರಿದ ಬಿಗಿ ಚರ್ಮ ಮುಂದೆ ಬಾರದೆ ಸಿಕ್ಕಿಕೊಂಡು ತುದಿ ಊದುವುದು ಪ್ಯಾರಾಫೈಮೋಸಿಸ್. ಮೂತ್ರದ ಟ್ಯೂಬ್ ಹಾಕಿದ ವಯಸ್ಸಾದವರಲ್ಲಿ ಇದು ಹೆಚ್ಚು, ಕಾರಣ ಟ್ಯೂಬ್ ಹಾಕಿದವರು ಚರ್ಮ ಮುಂದಕ್ಕೆ ತರಲು ಮರೆಯುವುದು. ಮನೆಯಲ್ಲಿ ಟ್ಯೂಬ್ ಇರುವ ಅಜ್ಜನಿದ್ದರೆ ಸ್ನಾನದ ನಂತರ ನೋಡಿ. ಆದಾಗ ಊತವನ್ನು ಅಂಗೈಯಲ್ಲಿ 5–10 ನಿಮಿಷ ಒಂದೇ ಸಮ ಅದುಮಿ, ಬಟ್ಟೆ ಸುತ್ತಿದ ಮಂಜುಗಡ್ಡೆ ಇಡಿ. ಒದ್ದೆ ಗಾಜ್‌ನಲ್ಲಿ ಸಕ್ಕರೆ ಹಾಕಿ ಸುತ್ತಿದರೆ ಅದೂ ನೀರೆಳೆಯುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ಆಮೇಲೆ ಎರಡು ಹೆಬ್ಬೆರಳಿಂದ ತುದಿಯನ್ನು ಒಳಕ್ಕೆ ಒತ್ತುತ್ತಾ ಉಳಿದ ಬೆರಳಿಂದ ಚರ್ಮ ಮುಂದೆ ತನ್ನಿ. ಆಗದಿದ್ದರೆ, ಬಣ್ಣ ನೀಲಿಗೆ ತಿರುಗಿದರೆ, ತಕ್ಷಣ ಆಸ್ಪತ್ರೆ. ಬೆಳಗಾಗಲಿ ಎಂದು ಕಾಯುವಂತಿಲ್ಲ.

ಎಚ್‌ಐವಿ, ಜಾಹೀರಾತು, ಕಾನೂನು

'ಸುನ್ನತಿ ಮಾಡಿಸಿದರೆ ಎಚ್‌ಐವಿ ಬರುವುದಿಲ್ಲ' ಎಂಬ ಮಾತಿನ ಮೂಲ ಆಫ್ರಿಕಾದ ಮೂರು ಪ್ರಯೋಗಗಳು: ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೆನ್ಯಾದ ಕಿಸುಮು, ಉಗಾಂಡಾದ ರಾಕಾಯ್. ಕಿಸುಮುವಿನಲ್ಲಿ 2,784 ಯುವಕರನ್ನು ಎರಡು ಗುಂಪು ಮಾಡಿ ಎರಡು ವರ್ಷದವರೆಗೆ ನೋಡಿದಾಗ ಸುನ್ನತಿ ಗುಂಪಿನಲ್ಲಿ 22, ಇನ್ನೊಂದರಲ್ಲಿ 47 ಸೋಂಕು. ಹೆಂಗಸಿನಿಂದ ಗಂಡಸಿಗೆ ಹರಡುವುದು ಅರ್ಧಕ್ಕಿಂತ ಹೆಚ್ಚು ಇಳಿಯಿತು, ನಿಜ. ಆದರೆ ಆ 22 ಮಂದಿಯೂ ಸುನ್ನತಿ ಗುಂಪಿನವರೇ. ಗಂಡಸಿನಿಂದ ಹೆಂಗಸಿಗೆ ಹರಡುವುದಕ್ಕೆ ಇದರಿಂದ ನೇರ ರಕ್ಷಣೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಶಿಫಾರಸು ಮಾಡಿದ್ದು ಸೋಂಕು ಜನಸಾಮಾನ್ಯರಲ್ಲಿ ವ್ಯಾಪಕವಾಗಿದ್ದ ಪೂರ್ವ, ದಕ್ಷಿಣ ಆಫ್ರಿಕಾದ ದೇಶಗಳಿಗಾಗಿ. ವಯಸ್ಕರಲ್ಲಿ ಶೇ. 0.2ರ ಆಸುಪಾಸು ಇರುವ ಭಾರತದಲ್ಲಿ ಕಾಂಡೋಮ್ ಮಾಡುವ ಕೆಲಸವನ್ನು ಇದು ಮಾಡಲಾರದು.

ಶೀಘ್ರ ಸ್ಖಲನಕ್ಕೆ ಸುನ್ನತಿ ಎಂಬ ಜಾಹೀರಾತುಗಳನ್ನು ನಂಬಿ ಹಣ ಕಳೆಯಬೇಡಿ. ಅದಕ್ಕೆ ಬೇರೆ ಚಿಕಿತ್ಸೆ ಇದೆ. ಮದುವೆಯ ಹೊಸದರಲ್ಲಿ ಫ್ರೆನ್ಯುಲಮ್ ಹರಿದು ರಕ್ತ ಬಂದು ಗಾಬರಿಯಾದವರಿಗೂ ಪೂರ್ತಿ ಸುನ್ನತಿ ಬೇಕಿಲ್ಲ, ಆ ಪಟ್ಟಿಯನ್ನಷ್ಟೇ ಉದ್ದ ಮಾಡುವ ಚಿಕ್ಕ ಶಸ್ತ್ರಚಿಕಿತ್ಸೆ ಸಾಕು.

ಕಾನೂನಿನ ಕಡೆ ಹೇಳುವುದು ಹೆಚ್ಚಿಲ್ಲ. 2012ರಲ್ಲಿ ಜರ್ಮನಿಯ ಕಲೋನ್ ನ್ಯಾಯಾಲಯ ಧಾರ್ಮಿಕ ಸುನ್ನತಿಯನ್ನು ದೇಹಹಾನಿ ಎಂದಾಗ ಆ ವರ್ಷದ ಕೊನೆಯಲ್ಲೇ ಸಂಸತ್ತು ಪೋಷಕರಿಗೆ ಅವಕಾಶ ಕೊಡುವ ಕಾನೂನು ಮಾಡಿತು. ಮಕ್ಕಳ ಸುನ್ನತಿ ನಿಷೇಧಿಸಬೇಕೆಂಬ ಅರ್ಜಿಯನ್ನು ಪಕ್ಕದ ಕೇರಳದ ಹೈಕೋರ್ಟ್ 2023ರಲ್ಲಿ ವಜಾ ಮಾಡಿತು. ನಮ್ಮಲ್ಲಿ 18ರ ಒಳಗೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು. ಹತ್ತು ಹನ್ನೆರಡು ವರ್ಷದ ಹುಡುಗನಿಗೆ ವಿಷಯ ಮುಚ್ಚಿಟ್ಟು ಕರೆದೊಯ್ಯುವುದು ಒಪ್ಪಿಗೆ ಪತ್ರದಲ್ಲಿ ಕಾಣದ ತಪ್ಪು.

ಇನ್ನೊಂದು ಕೆಲಸ ಆಪರೇಷನ್ ದಿನವೇ ಆಗಬೇಕು. ಬಿಳಿ ಉಂಗುರವೋ ಹುಣ್ಣೋ ಗಂಟೋ ಇದ್ದವರ ಚರ್ಮವನ್ನು ಬಕೆಟ್ಟಿಗೆ ಹಾಕದೆ, ಫಾರ್ಮಲಿನ್ ಬಾಟಲಿಯಲ್ಲಿ ಹೆಸರು ಬರೆದು ಪ್ಯಾಥಾಲಜಿಗೆ ಕಳಿಸಲು ಮೊದಲೇ ಹೇಳಿಡಿ. ವರದಿಯಲ್ಲಿ ಲೈಕೆನ್ ಸ್ಕ್ಲೆರೋಸಸ್ ಎಂದು ಬಂದರೆ ವರ್ಷಕ್ಕೊಮ್ಮೆಯಾದರೂ ತೋರಿಸಿಕೊಳ್ಳಬೇಕು. ಅದು ಮೂತ್ರದ್ವಾರಕ್ಕೂ ಒಳಗಿನ ನಾಳಕ್ಕೂ ಹಬ್ಬಬಲ್ಲದು, ಧಾರೆ ಸಣ್ಣದಾಗುವುದು ಅದರ ಮೊದಲ ಲಕ್ಷಣ.